ಅನಿಮೋನ್ ಹೆಚ್ಚಿಸುವುದು: ಕಾಯಬೇಕೆ, ಉಣಿಸಬೇಕೆ, ಬ್ಲೇಡ್ ಹಿಡಿಯಬೇಕೆ?

ರೀಫ್ ಅಕ್ವೇರಿಯಂನಲ್ಲಿ, ಅಂದರೆ ಹವಳ ಮೀನುಗಳಿರುವ ಉಪ್ಪುನೀರಿನ ತೊಟ್ಟಿಯಲ್ಲಿ, ಕಡಲ ಅನಿಮೋನ್ ಎಂಬ ಹೂವಿನಂಥ ಪ್ರಾಣಿಯೊಂದನ್ನು ವರ್ಷಕಾಲ ಚೆನ್ನಾಗಿ ಸಾಕಿದವರಿಗೆ ಅದನ್ನು ಎರಡು ಮಾಡುವ ಆಸೆ ಹುಟ್ಟುವುದು ಸಹಜ. ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಬ್ಲೇಡ್ ಹಿಡಿದು ಅನಿಮೋನನ್ನು ನಟ್ಟನಡುವೆ ಸೀಳುವ ವಿಡಿಯೊ. ಎರಡು ನಿಮಿಷದ ಕೆಲಸ, ಎರಡು ವಾರ ಕಳೆದರೆ ಎರಡು ಪ್ರಾಣಿ. ಆದರೆ ರೊಟ್ಟಿಯನ್ನು ಎರಡಾಗಿ ಮುರಿದ ಮಾತ್ರಕ್ಕೆ ರೊಟ್ಟಿ ಹೆಚ್ಚಾಗುವುದಿಲ್ಲ. ಅನಿಮೋನಿನ ಮೈ ಬೆಳೆಯುವುದು ಬೆಳಕಿನಿಂದ, ಆಹಾರದಿಂದ ಮತ್ತು ಏರಿಳಿತವಿಲ್ಲದ ನೀರಿನಿಂದ. ಬ್ಲೇಡ್ ಇರುವುದನ್ನು ಹಂಚುತ್ತದೆ, ಹೊಸದೇನನ್ನೂ ಸೇರಿಸುವುದಿಲ್ಲ. ಯಾವ ವಿಧಾನ ಒಳ್ಳೆಯದು ಎಂಬ ಚರ್ಚೆಯಲ್ಲಿ ಈ ಸರಳ ಲೆಕ್ಕವೇ ಮರೆತುಹೋಗುತ್ತದೆ.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನಿಮ್ಮ ತೊಟ್ಟಿಯಲ್ಲಿರುವುದು ಯಾವ ಅನಿಮೋನ್?

ಜಾತಿ ನೋಡಿ ವಿಧಾನ

ಕ್ಲೌನ್ ಮೀನುಗಳು ಕಡಲಿನಲ್ಲಿ ಮನೆ ಮಾಡಿಕೊಳ್ಳುವ ಅನಿಮೋನ್‌ಗಳು ಹತ್ತು ಜಾತಿ ಎಂಬುದು ರೂಢಿಯ ಲೆಕ್ಕ. ಈ ಹತ್ತರಲ್ಲಿ ಮನೆಯ ತೊಟ್ಟಿಯಲ್ಲಿ ತಾನೇ ಸೀಳಿಕೊಂಡು ಹೆಚ್ಚುತ್ತದೆ ಎಂದು ನಂಬಬಹುದಾದದ್ದು ಒಂದೇ, ಬಬಲ್ ಟಿಪ್. ಶಾಸ್ತ್ರೀಯ ಹೆಸರು ಎಂಟಾಕ್ಮಿಯಾ ಕ್ವಾಡ್ರಿಕಲರ್. ಬಾಯಿಯ ಸುತ್ತಲಿನ ಬೆರಳಿನಂಥ ಎಳೆಗಳ, ಅಂದರೆ ಗ್ರಹಣಾಂಗಗಳ, ತುದಿ ಗುಳ್ಳೆಯಂತೆ ಉಬ್ಬಿರುವುದರಿಂದ ಆ ಹೆಸರು ಬಂದಿದೆ, ಆದರೆ ತೊಟ್ಟಿಗೆ ಬಂದ ಮೇಲೆ ಬಹಳಷ್ಟು ಅನಿಮೋನ್‌ಗಳಲ್ಲಿ ಗುಳ್ಳೆ ಮಾಯವಾಗಿ ಗ್ರಹಣಾಂಗಗಳು ನೀಳವಾಗುತ್ತವೆ. ಅದು ಕಾಯಿಲೆಯಲ್ಲ, ಗಾಬರಿ ಬೇಡ. ಹಸಿರು, ಗುಲಾಬಿ, ಕಿತ್ತಳೆ, ಕಡುಕೆಂಪು ಹೀಗೆ ಬಣ್ಣಕ್ಕೊಂದು ವ್ಯಾಪಾರಿ ಹೆಸರಿದ್ದರೂ ಜಾತಿ ಒಂದೇ.

ಬಬಲ್ ಟಿಪ್‌ನೊಳಗೇ ಎರಡು ಸ್ವಭಾವಗಳಿವೆ ಎಂಬುದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಆಳವಿಲ್ಲದ ನೀರಿನವು ಚಿಕ್ಕ ಗಾತ್ರದಲ್ಲೇ ಸೀಳಿಕೊಳ್ಳುತ್ತ ಬಂಡೆಯ ಮೇಲೆ ಗುಂಪಾಗಿ ಹರಡುತ್ತವೆ. ಆಳದವು ಒಂಟಿಯಾಗಿ ಬೆಳೆಯುತ್ತವೆ, ಊಟದ ತಟ್ಟೆಗಿಂತ ದೊಡ್ಡದಾದರೂ ಸೀಳುವುದಿಲ್ಲ. ಹೆಚ್ಚಿಸುವ ಉದ್ದೇಶವಿದ್ದರೆ ಅಂಗಡಿಯಲ್ಲಿರುವ ಅತಿ ದೊಡ್ಡ, ಅತಿ ಸುಂದರ ಅನಿಮೋನನ್ನು ತರುವುದು ತಪ್ಪು ಲೆಕ್ಕ. ಇನ್ನೊಬ್ಬ ಸಾಕಣೆದಾರರ ತೊಟ್ಟಿಯಲ್ಲಿ ಆಗಲೇ ಹಲವು ಸಲ ಸೀಳಿದ ಕುಲದ ಮರಿಯೊಂದನ್ನು ತನ್ನಿ. ಅದಕ್ಕೆ ಸೀಳುವ ಸ್ವಭಾವವೂ ಇರುತ್ತದೆ, ಕೃತಕ ಉಪ್ಪುನೀರು ಮತ್ತು ಎಲ್‌ಇಡಿ ಬೆಳಕಿಗೆ ಹೊಂದಿಕೊಂಡೂ ಇರುತ್ತದೆ. ಕಡಲಿನಿಂದ ಕಿತ್ತು ತಂದದ್ದು ದಾರಿಯಲ್ಲಿ ಅರ್ಧ ಜೀವವಾಗಿ ಬಂದಿರುತ್ತದೆ. ಕೊಳ್ಳುವಾಗ ಕೇಳಬೇಕಾದದ್ದು ಇಷ್ಟೇ: ಇದು ಎಲ್ಲಿ ಸೀಳಿದ್ದು, ತಾಯಿ ಎಲ್ಲಿದೆ? ಉತ್ತರ ತೊದಲಿದರೆ ಮುಂದಿನ ಅಂಗಡಿಗೆ ಹೋಗಿ.

ಉಳಿದ ದೊಡ್ಡ ಅನಿಮೋನ್‌ಗಳ ಬಗ್ಗೆ ನನ್ನ ಮಾತು ಚಿಕ್ಕದು. ಹ್ಯಾಡನ್ ಕಾರ್ಪೆಟ್, ದೈತ್ಯ ಕಾರ್ಪೆಟ್, ಉದ್ದ ಗ್ರಹಣಾಂಗದ ಮ್ಯಾಕ್ರೊಡ್ಯಾಕ್ಟೈಲಾ, ಇವುಗಳನ್ನು ಮನೆಯಲ್ಲಿ ಹೆಚ್ಚಿಸುವ ಯೋಚನೆಯನ್ನೇ ಬಿಡಿ. ಇವು ಸೀಳುವುದು ತೀರ ಅಪರೂಪ, ಬ್ಲೇಡ್ ತಾಗಿಸಿದರೆ ಉಳಿಯುವ ಭರವಸೆಯಿಲ್ಲ. ಹ್ಯಾಡನ್ ಕಾರ್ಪೆಟ್ ನಮ್ಮ ಪಾಕ್ ಕೊಲ್ಲಿಯಲ್ಲೂ ಸಿಗುವ ಪ್ರಾಣಿ, ಬೆಂಗಳೂರು ಚೆನ್ನೈಗಳ ಅಂಗಡಿಗಳಲ್ಲಿ ಅಗ್ಗವಾಗಿ ಕಾಣಿಸುವುದೂ ಉಂಟು. ಅಗ್ಗ ಎಂದು ತಂದು ಪ್ರಯೋಗ ಮಾಡುವುದಕ್ಕೆ ನನ್ನ ಸಮ್ಮತಿಯಿಲ್ಲ. ಕೆರಿಬಿಯನ್‌ನ ಕಾಂಡಿಲ್ಯಾಕ್ಟಿಸ್ ನೋಡಲು ಗಟ್ಟಿಮುಟ್ಟು, ಆದರೆ ಸೀಳಿ ಹೆಚ್ಚುವ ಅಭ್ಯಾಸ ಅದಕ್ಕಿಲ್ಲ.

ಆ ಹತ್ತರಲ್ಲೇ ಇನ್ನೊಂದಾದ ಮ್ಯಾಗ್ನಿಫಿಕಾ ಇವುಗಳಿಂದ ಸ್ವಲ್ಪ ಬೇರೆ. ಕಡಲಿನಲ್ಲಿ ಅದು ಸೀಳುತ್ತದೆ, ಕೆಲವು ಕಡೆ ಬಂಡೆಯನ್ನೇ ಹೊದಿಸುವಷ್ಟು ಹಬ್ಬುತ್ತದೆ. ಫ್ರೆಂಚ್ ಪಾಲಿನೇಷ್ಯಾದ ಮೂರಿಯಾ ದ್ವೀಪದಲ್ಲಿ ಇದೇ ಜಾತಿಯ ಮೇಲೆ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕ್ಲೌನ್ ಮೀನುಗಳಿರುವ ಅನಿಮೋನ್‌ಗಳು ಮೀನಿಲ್ಲದವುಗಳಿಗಿಂತ ಬೇಗ ಬೆಳೆದವು, ಹೆಚ್ಚು ಸಲ ಸೀಳಿದವು, ಕಡಿಮೆ ಸತ್ತವು. ಅನಿಮೋನಿನ ಮೈಯಲ್ಲಿ ವಾಸಿಸುವ ಸಹಜೀವಿ ಪಾಚಿಗೆ ಮೀನಿನ ಮಲಮೂತ್ರದ ಅಮೋನಿಯಾ ಗೊಬ್ಬರವಾಗುತ್ತದೆ. ಮೀನು ಹತ್ತಿರ ಇರುವಾಗ ಅನಿಮೋನನ್ನು ಕಚ್ಚುವ ಚಿಟ್ಟೆ ಮೀನುಗಳೂ ದೂರ ಉಳಿಯುತ್ತವೆ. ಆದರೂ ಮ್ಯಾಗ್ನಿಫಿಕಾ ಮನೆಯ ತೊಟ್ಟಿಯಲ್ಲಿ ಬಹಳ ದಿನ ಬಾಳುವುದೇ ಕಷ್ಟ. ಮೂರಿಯಾದ ಪಾಠವನ್ನು ಬಬಲ್ ಟಿಪ್‌ಗೆ ಬಳಸಿಕೊಳ್ಳಿ: ತೊಟ್ಟಿಯಲ್ಲಿ ಹುಟ್ಟಿದ ಕ್ಲೌನ್ ಜೋಡಿಯೊಂದು ಜೊತೆಗಿದ್ದರೆ ಗೊಬ್ಬರ ಹಾಕುವ ಕೆಲಸ ತಾನಾಗಿ ನಡೆಯುತ್ತದೆ.

ಚಿಕ್ಕ ತೊಟ್ಟಿಯವರಿಗೆ ಇನ್ನೆರಡು ಆಯ್ಕೆಗಳಿವೆ, ಅವು ಈ ಹತ್ತರ ಪಟ್ಟಿಯ ಹೊರಗಿನವು. ಒಂದು ಮಿನಿ ಕಾರ್ಪೆಟ್, ಇನ್ನೊಂದು ರಾಕ್ ಫ್ಲವರ್. ಅವುಗಳಿಗೆ ಮುಂದೆ ಬರುತ್ತೇನೆ.

ಕಾಯುವುದು

ಬಬಲ್ ಟಿಪ್ ಸಾಕಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ನಾನು ಸೂಚಿಸುವುದು ಇದನ್ನೇ. ತೊಟ್ಟಿ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಹಳೆಯದಾಗಿರಬೇಕು. ಲವಣಾಂಶ 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು), ಅಂದರೆ ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ 1.025ರಿಂದ 1.026. ತಾಪಮಾನ 25ರಿಂದ 27 ಡಿಗ್ರಿ. ಕ್ಷಾರೀಯತೆ, ಅದನ್ನು ಅಳೆಯುವ ಡಿಕೆಎಚ್ ಮಾನದಲ್ಲಿ, 8ರಿಂದ 10. ನೈಟ್ರೇಟ್ ಸ್ವಲ್ಪ ಇರಲಿ, ಸೊನ್ನೆ ಬೇಡ. ತೀರ ಶುದ್ಧ ನೀರಿನಲ್ಲಿ ಪಾಚಿ ಬಡವಾಗಿ ಅನಿಮೋನ್ ಬಿಳಿಚಿಕೊಳ್ಳುತ್ತದೆ. ಈ ಅಂಕಿಗಳಲ್ಲಿ ಯಾವುದೂ ಪವಿತ್ರವಲ್ಲ, ಸ್ಥಿರತೆ ಮಾತ್ರ ಪವಿತ್ರ. 26 ಡಿಗ್ರಿಯಲ್ಲಿ ನಿಂತ ನೀರು, ಹಗಲು 29 ರಾತ್ರಿ 23 ಆಗುವ ನೀರಿಗಿಂತ ಸಾವಿರ ಪಾಲು ಮೇಲು.

ಬೆಂಗಳೂರಿನಲ್ಲಿ ಇದನ್ನು ಹೇಳುವುದು ಸುಲಭ, ಸಾಧಿಸುವುದು ಖರ್ಚಿನ ಬಾಬತ್ತು. ಜನವರಿಯ ರಾತ್ರಿಗೆ ಹೀಟರ್ ಬೇಕು, ಏಪ್ರಿಲಿನ ಮಧ್ಯಾಹ್ನಕ್ಕೆ ನೀರು ತಂಪಾಗಿಸುವ ಚಿಲ್ಲರ್ ಅಥವಾ ಕನಿಷ್ಠ ನೀರಿನ ಮೇಲೆ ಬೀಸುವ ಫ್ಯಾನ್ ಬೇಕು. ಫ್ಯಾನ್ ಇಟ್ಟರೆ ನೀರು ಆವಿಯಾಗಿ ಲವಣಾಂಶ ಏರುತ್ತದೆ, ಹಾಗಾಗಿ ದಿನವೂ ಆರ್‌ಓ ನೀರು ಸುರಿದು ಮಟ್ಟ ಕಾಯಬೇಕು. ಮಂಗಳೂರಿನಲ್ಲಿದ್ದರೆ ಹೀಟರಿಗೆ ಕೆಲಸ ಕಡಿಮೆ, ಚಿಲ್ಲರಿಗೆ ವರ್ಷವಿಡೀ ಕೆಲಸ, ಗಾಳಿಯ ತೇವದಿಂದಾಗಿ ಫ್ಯಾನ್ ಹೆಚ್ಚು ತಂಪು ಮಾಡುವುದೂ ಇಲ್ಲ. ಬೋರ್‌ವೆಲ್ ನೀರನ್ನು ನೇರವಾಗಿ ಬಳಸುವ ಮಾತೇ ಬೇಡ. ಕರೆಂಟ್ ಹೋದಾಗ ನಡೆಯುವ ಬ್ಯಾಟರಿಯ ಗಾಳಿ ಪಂಪ್ ಒಂದು ಮನೆಯಲ್ಲಿರಲಿ.

ಇಷ್ಟಿದ್ದು ವಾರಕ್ಕೆ ಒಂದೆರಡು ಸಲ ಆಹಾರ ಕೊಡುತ್ತಿದ್ದರೆ ಬಬಲ್ ಟಿಪ್ ತನ್ನ ಹೊತ್ತು ಬಂದಾಗ ಸೀಳುತ್ತದೆ. ಕಲ್ಲಿಗೆ ಅಂಟಿಕೊಂಡಿರುವ ತಳಭಾಗ, ಅಂದರೆ ಪಾದ, ಎರಡು ದಿಕ್ಕಿಗೆ ಎಳೆಯತೊಡಗುತ್ತದೆ, ಬಾಯಿ ಉದ್ದವಾಗುತ್ತದೆ, ನಡುಭಾಗ ತೆಳುವಾಗುತ್ತ ಹೋಗಿ ಹರಿಯುತ್ತದೆ. ಕೆಲವು ಗಂಟೆಗಳಲ್ಲಿ ಮುಗಿಯಬಹುದು, ಒಂದೆರಡು ದಿನ ಹಿಡಿಯಲೂಬಹುದು. ಮೊದಲ ಸಲ ನೋಡುವವರಿಗೆ ಪ್ರಾಣಿ ಸಾಯುತ್ತಿದೆ ಎಂದೇ ಅನ್ನಿಸುತ್ತದೆ, ಅಷ್ಟು ಹರಕಾಗಿ ಕಾಣುತ್ತದೆ. ಕೈ ಹಾಕಬೇಡಿ. ಒಂದು ವಾರ ಆಹಾರವನ್ನೂ ಕೊಡಬೇಡಿ, ಬಾಯಿ ಮುಚ್ಚಿಕೊಳ್ಳಲಿ.

ಈ ವಿಧಾನದ ದೊಡ್ಡ ಗುಣ ಸಾವಿನ ಪ್ರಮಾಣ ಕಡಿಮೆ ಇರುವುದು. ತಾನಾಗಿ ಸೀಳಿದ ಆರೋಗ್ಯವಂತ ಅನಿಮೋನಿನ ಎರಡೂ ಅರ್ಧಗಳು ಸಾಮಾನ್ಯವಾಗಿ ಉಳಿಯುತ್ತವೆ, ಏಕೆಂದರೆ ಹರಿಯುವ ಜಾಗ, ಹೊತ್ತು, ವೇಗ ಎಲ್ಲವನ್ನೂ ಆರಿಸಿಕೊಂಡದ್ದು ಅದೇ. ದೊಡ್ಡ ದೋಷ ನಿಮ್ಮ ತಾಳ್ಮೆಗೆ ಸಂಬಂಧಿಸಿದ್ದು. ಕೆಲವು ಅನಿಮೋನ್‌ಗಳು ವರ್ಷಕ್ಕೆ ಹಲವು ಸಲ ಸೀಳುತ್ತವೆ, ಕೆಲವು ವರ್ಷಗಟ್ಟಲೆ ಸೀಳುವುದೇ ಇಲ್ಲ, ಮೊದಲೇ ಹೇಳುವ ದಾರಿಯಿಲ್ಲ. ಇನ್ನೊಂದು ದೋಷ, ಅರ್ಧಗಳಲ್ಲಿ ಒಂದು ನಡೆಯಲು ಹೊರಡುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಸ ಜಾಗ ಹುಡುಕುತ್ತ ಹೊರಟ ಅನಿಮೋನ್ ಹವಳಗಳನ್ನು ಕುಟುಕುತ್ತದೆ, ನೀರಿನಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್ ಪಂಪಿನ ರೆಕ್ಕೆಗೆ ಸಿಕ್ಕಿ ಚೂರಾಗುತ್ತದೆ, ಚೂರಾದರೆ ತೊಟ್ಟಿಯ ನೀರೆಲ್ಲ ಕೆಡುತ್ತದೆ. ಪಂಪ್‌ಗಳ ಬಾಯಿಗೆ ಸ್ಪಂಜು ಅಥವಾ ಜಾಲರಿ ಹಾಕುವುದು ಸೀಳಿದ ಮೇಲಿನ ಕೆಲಸವಲ್ಲ, ಅನಿಮೋನ್ ತರುವ ಮೊದಲಿನ ಕೆಲಸ.

ಉಣಿಸಿ ಕೆಣಕುವುದು

ಕಾಯಲಾರದವರು ಮಾಡುವ ಮಧ್ಯದ ದಾರಿ ಇದು. ಒಂದೆರಡು ತಿಂಗಳು ವಾರಕ್ಕೆ ಮೂರು ಸಲ ಆಹಾರ ಕೊಟ್ಟು ಅನಿಮೋನನ್ನು ಬೆಳೆಸುತ್ತಾರೆ. ಆಮೇಲೆ ಒಂದೇ ದಿನ ತೊಟ್ಟಿಯ ಕಾಲು ಭಾಗದಷ್ಟೋ ಮೂರನೆಯ ಒಂದು ಭಾಗದಷ್ಟೋ ನೀರು ಬದಲಿಸುತ್ತಾರೆ. ಕೆಲವರು ಹರಿವನ್ನು ಹೆಚ್ಚಿಸುತ್ತಾರೆ, ಕೆಲವರು ಬೆಳಕನ್ನು. ದಿಢೀರ್ ಬದಲಾವಣೆ ಅನಿಮೋನನ್ನು ಸೀಳಲು ಪ್ರೇರೇಪಿಸುತ್ತದೆ ಎಂಬುದು ಸಾಕಣೆದಾರರ ಅನುಭವದ ಮಾತು.

ಈ ವಿಧಾನದ ಮೊದಲ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ, ಎರಡನೆಯ ಅರ್ಧವನ್ನು ಅರೆಮನಸ್ಸಿನಿಂದ. ಉಣಿಸುವುದರಿಂದ ನಿಜಕ್ಕೂ ಮೈ ಬೆಳೆಯುತ್ತದೆ. ತಾಜಾ ಸೀಗಡಿ, ಸೀಗಡಿಯಂಥ ಪುಟ್ಟ ಜೀವಿ ಮೈಸಿಸ್, ಚಿಕ್ಕ ಮೀನಿನ ತುಂಡು ಯಾವುದಾದರೂ ಆಗುತ್ತದೆ, ಆದರೆ ತುಂಡು ಅನಿಮೋನಿನ ಬಾಯಿಗಿಂತ ದೊಡ್ಡದಾಗಬಾರದು. ಮಾರುಕಟ್ಟೆಯ ಸೀಗಡಿಯಾದರೆ ಉಪ್ಪು ಅರಿಶಿನ ತಾಗದ ಹಸಿಯದ್ದನ್ನೇ ಆರಿಸಿ, ಆರ್‌ಓ ನೀರಿನಲ್ಲಿ ತೊಳೆದು, ಕಿರುಬೆರಳಿನ ಉಗುರಿನಷ್ಟು ಮಾಡಿ. ಇಡೀ ಸೀಗಡಿ ನುಂಗಿಸಿದರೆ ಮರುದಿನ ಬೆಳಿಗ್ಗೆ ಅದನ್ನು ಬಿಳಿ ಮುದ್ದೆಯಾಗಿ ಕಕ್ಕುತ್ತದೆ, ನುಂಗಲು ಖರ್ಚು ಮಾಡಿದ ಶಕ್ತಿಯೂ ವ್ಯರ್ಥ, ನೀರೂ ಹೊಲಸು. ಹೆಚ್ಚು ಉಣಿಸಿದರೆ ನೈಟ್ರೇಟ್ ಮತ್ತು ಫಾಸ್ಫೇಟ್ ಏರುತ್ತವೆ, ಕೊಳೆಯನ್ನು ನೊರೆಯಾಗಿ ಹೊರತೆಗೆಯುವ ಸ್ಕಿಮ್ಮರ್ ಸಣ್ಣದಾಗಿದ್ದರೆ ಕಲ್ಲಿನ ಮೇಲೆ ಪಾಚಿ ಹಬ್ಬುತ್ತದೆ. ಅದು ಈ ವಿಧಾನದ ನಿಜವಾದ ಬೆಲೆ.

ಕೆಣಕುವುದರ ತೊಂದರೆ ಬೇರೆ. ಅನಿಮೋನ್ ಸೀಳುವುದಕ್ಕೆ ಎರಡು ಕಾರಣಗಳಿರುತ್ತವೆ. ಮೈ ತುಂಬಿ ಬೆಳೆದು ಸೀಳುವುದು ಒಂದು, ಸಂಕಟದಲ್ಲಿ ಸೀಳುವುದು ಇನ್ನೊಂದು. ಚೆನ್ನಾಗಿ ಬೆಳೆದದ್ದಕ್ಕೆ ಸಣ್ಣ ತಳ್ಳು ಕೊಟ್ಟರೆ ಅದು ಮೊದಲನೆಯದಕ್ಕೆ ಹತ್ತಿರ. ಬಡಕಲು ಅನಿಮೋನನ್ನು ಕೆಣಕಿದರೆ ಎರಡು ಬಡಕಲು ತುಂಡುಗಳು ಸಿಗುತ್ತವೆ, ಎರಡೂ ಉಳಿಯದಿರಬಹುದು. ಅಂಗೈಗಿಂತ ಚಿಕ್ಕದಿದ್ದು, ಬಣ್ಣ ಮಾಸಿದ್ದು, ಹಗಲಿನಲ್ಲೂ ಬಾಯಿ ಬಿಟ್ಟುಕೊಂಡಿರುವ ಅನಿಮೋನ್ ಸೀಳಿದರೆ ಸಂತೋಷಪಡುವುದಕ್ಕೆ ಬದಲು ನೀರಿನ ಪರೀಕ್ಷೆ ಮಾಡಿ. ನೀರು ಬದಲಿಸುವಾಗಲೂ ಹೊಸ ನೀರಿನ ತಾಪಮಾನ ಮತ್ತು ಲವಣಾಂಶ ಹಳೆಯದಕ್ಕೆ ಸಮವಾಗಿರಲಿ. ತಾಪಮಾನವನ್ನು ಬೇಕೆಂದೇ ಏರಿಳಿಸುವ ಸಲಹೆ ಕೇಳಿಬಂದರೆ ಅದನ್ನು ಅಲ್ಲಿಗೇ ಬಿಡಿ, ತೊಟ್ಟಿಯಲ್ಲಿರುವ ಉಳಿದ ಜೀವಿಗಳು ಆ ಪ್ರಯೋಗಕ್ಕೆ ಒಪ್ಪಿಲ್ಲ.

ಬ್ಲೇಡ್

ಬ್ಲೇಡಿನ ಪರವಾಗಿ ಇರುವ ಗಟ್ಟಿ ಆಧಾರವನ್ನು ಮೊದಲು ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ಸದರ್ನ್ ಕ್ರಾಸ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಬಲ್ ಟಿಪ್ ಮತ್ತು ಕ್ರಿಸ್ಪಾ ಎಂಬ ಎರಡು ಜಾತಿಗಳನ್ನು ಕತ್ತರಿಸಿ ನೋಡಿದರು. ಎರಡಾಗಿ ಕತ್ತರಿಸಿದ ತುಂಡುಗಳಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಬದುಕಿದವು. ನಾಲ್ಕಾಗಿ ಕತ್ತರಿಸಿದಾಗ ಆ ಪ್ರಮಾಣ ಇಳಿಯಿತು, ಬಬಲ್ ಟಿಪ್‌ನಲ್ಲಂತೂ ಬಹಳವೇ ಇಳಿಯಿತು. ಹಾಗಾಗಿ ನಾಲ್ಕು ತುಂಡಿನ ವಿಡಿಯೊಗಳನ್ನು ನೋಡಿ ಉತ್ಸಾಹಗೊಂಡವರು ಅಲ್ಲಿಯೇ ನಿಲ್ಲಲಿ. ಇದು ಅನುಭವಿಗಳ ಕೈಯಲ್ಲಿ, ಹರಿಯುವ ಕಡಲ ನೀರಿನ ವ್ಯವಸ್ಥೆಯಲ್ಲಿ ಬಂದ ಫಲ ಎಂಬುದೂ ನೆನಪಿರಲಿ. 150 ಲೀಟರಿನ ಮನೆಯ ತೊಟ್ಟಿಯಲ್ಲಿ ಒಂದು ತುಂಡು ಕೊಳೆತರೆ ಅದು ಮೀನು, ಹವಳ, ಇನ್ನೊಂದು ತುಂಡು ಎಲ್ಲವನ್ನೂ ಜೊತೆಗೆ ಕರೆದೊಯ್ಯಬಹುದು.

ಆದ್ದರಿಂದ ಬ್ಲೇಡ್ ಹಿಡಿಯುವವರಿಗೆ ನನ್ನ ಮೊದಲ ಷರತ್ತು ಎರಡನೆಯ ತೊಟ್ಟಿ. ದೊಡ್ಡದೇನೂ ಬೇಡ, ಅದೇ ನೀರು, ಹೀಟರ್, ಸಣ್ಣ ಪಂಪ್, ಮಂದ ಬೆಳಕು ಇದ್ದರೆ ಸಾಕು. ಅಷ್ಟಕ್ಕೂ ಜಾಗವಿಲ್ಲದವರಿಗೆ ಕಾಯುವ ದಾರಿಯೇ ಸರಿ. ಎರಡನೆಯ ಷರತ್ತು, ಅನಿಮೋನ್ ಹಲವು ತಿಂಗಳಿಂದ ನಿಮ್ಮಲ್ಲೇ ಇದ್ದು, ಅರಳಿದಾಗ ಕನಿಷ್ಠ 12ರಿಂದ 15 ಸೆಂಟಿಮೀಟರ್ ಅಗಲವಿರಬೇಕು, ಬಾಯಿ ಬಿಗಿಯಾಗಿರಬೇಕು, ಗ್ರಹಣಾಂಗ ಅಂಟಬೇಕು. ಹೊಸದಾಗಿ ತಂದದ್ದನ್ನು, ಬಿಳಿಚಿಕೊಂಡದ್ದನ್ನು ಮುಟ್ಟಬಾರದು. ಕ್ರಿಸ್ಪಾ ಪ್ರಯೋಗದಲ್ಲಿ ಚೆನ್ನಾಗಿ ಉಳಿದರೂ ಅಂಗಡಿಗಳಿಗೆ ಬರುವಾಗ ಅದು ಬಹಳ ಸಲ ಬಿಳಿಚಿಕೊಂಡೇ ಬಂದಿರುತ್ತದೆ. ಆ ಕೆನೆಬಣ್ಣವೇ ಅದರ ಸಹಜ ಬಣ್ಣ ಎಂದು ಮಾರುವವರೂ ಇದ್ದಾರೆ.

ಕೆಲಸದ ಕ್ರಮ ಹೀಗೆ. ಹಿಂದಿನ ಎರಡು ಮೂರು ದಿನ ಆಹಾರ ನಿಲ್ಲಿಸಿ, ಹೊಟ್ಟೆ ಖಾಲಿಯಾಗಲಿ. ಕಲ್ಲಿನಿಂದ ಪಾದವನ್ನು ಬಿಡಿಸುವುದೇ ನಿಜವಾದ ಕಷ್ಟ. ಎಳೆದರೆ ಪಾದ ಹರಿಯುತ್ತದೆ, ಹರಿದ ಪಾದ ಕತ್ತರಿಸಿದ ಗಾಯಕ್ಕಿಂತ ಕೆಟ್ಟದ್ದು. ಕಲ್ಲು ಹೊರತೆಗೆಯಲು ಬಂದರೆ ತೆಗೆದು, ಪಾದ ಹಿಡಿದ ಜಾಗದ ಹಿಂಬದಿಗೆ ಮಂಜುಗಡ್ಡೆಯ ತುಂಡು ಒತ್ತಿ ಹಿಡಿಯಿರಿ, ಸಾಮಾನ್ಯವಾಗಿ ತಾನೇ ಸಡಿಲಿಸುತ್ತದೆ. ಅಂಚಿನಿಂದ ಬೆರಳುಗುರಿನಲ್ಲಿ ಮೆಲ್ಲಗೆ ಎಬ್ಬಿಸಬಹುದು. ಕೈಗವಸು ಮತ್ತು ಕನ್ನಡಕ ಇಲ್ಲದೆ ಇದನ್ನು ಮಾಡಬೇಡಿ, ಕುಟುಕು ಕೋಶಗಳು ಕೆಲವರಿಗೆ ಅಲರ್ಜಿ ಉಂಟುಮಾಡುತ್ತವೆ, ಕಣ್ಣಿಗೆ ಸಿಡಿದ ನೀರು ಯಾರಿಗೂ ಒಳ್ಳೆಯದಲ್ಲ.

ಸ್ವಚ್ಛ ಪ್ಲಾಸ್ಟಿಕ್ ಹಲಗೆಯ ಮೇಲೆ, ಎಣ್ಣೆ ಜಿಡ್ಡು ತೊಳೆದ ಹೊಸ ಬ್ಲೇಡಿನಿಂದ, ಬಾಯಿಯ ನಟ್ಟನಡುವೆ ಒಂದೇ ಒತ್ತು. ಗರಗಸದಂತೆ ಹಿಂದೆಮುಂದೆ ಎಳೆಯಬಾರದು. ಪ್ರತಿ ತುಂಡಿಗೂ ಬಾಯಿಯ ಅರ್ಧ, ಪಾದದ ಅರ್ಧ, ಗ್ರಹಣಾಂಗಗಳ ಅರ್ಧ ಬರಬೇಕು. ಬಾಯಿಯ ಪಾಲು ಸಿಗದ ತುಂಡು ಉಳಿಯುವ ಸಾಧ್ಯತೆ ತೀರ ಕಡಿಮೆ. ಕಂದು ನೂಲುಗಳು, ಲೋಳೆ ಹೊರಬರುತ್ತವೆ, ತೊಟ್ಟಿಯದೇ ನೀರಿನಲ್ಲಿ ಜಾಲಾಡಿ, ತಳದಲ್ಲಿ ಕಲ್ಲುಚೂರು ಹಾಸಿದ ಬುಟ್ಟಿಯಲ್ಲಿ ಬಿಡಿ. ಹರಿವು ಮಂದವಾಗಿರಲಿ, ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಕ್ಲೌನ್ ಮೀನನ್ನು ಹತ್ತಿರ ಬಿಡಬೇಡಿ. ಗಾಯಗೊಂಡ ಅನಿಮೋನಿನೊಳಗೆ ಮೀನು ಹೊರಳಾಡಿದರೆ ಗಾಯ ಮಾಯುವುದಿಲ್ಲ.

ಒಂದೆರಡು ದಿನದಲ್ಲಿ ಕತ್ತರಿಸಿದ ಅಂಚುಗಳು ಒಳಗೆ ಸುರುಳಿಕೊಂಡು ಒಂದಕ್ಕೊಂದು ತಾಗುತ್ತವೆ. ಎರಡು ವಾರದ ಹೊತ್ತಿಗೆ ತುಂಡು ಹೆಚ್ಚುಕಡಿಮೆ ದುಂಡಾಗುತ್ತದೆ, ಬಾಯಿ ಮುಚ್ಚತೊಡಗುತ್ತದೆ. ಆಗ ಮಾತ್ರ ಮೊದಲ ತುತ್ತು, ಅದೂ ಒಂದು ಮೈಸಿಸ್‌ನಷ್ಟು. ಪೂರ್ತಿ ಹಳೆಯ ರೂಪಕ್ಕೆ ಬರಲು ತಿಂಗಳುಗಳೇ ಬೇಕು. ಈ ನಡುವೆ ಯಾವ ತುಂಡಾದರೂ ಮೆತ್ತಗಾಗಿ ಎಳೆ ಎಳೆಯಾಗಿ ಬಿಡತೊಡಗಿದರೆ, ಕೊಳೆತ ವಾಸನೆ ಬಂದರೆ, ಉಳಿದೀತೆಂಬ ಆಸೆ ಬಿಟ್ಟು ತಕ್ಷಣ ಹೊರತೆಗೆಯಿರಿ.

ಇಷ್ಟೆಲ್ಲ ಮಾಡಿ ಸಿಗುವುದು ಮೊದಲಿನ ಅರ್ಧದಷ್ಟಿರುವ, ತಿಂಗಳುಗಟ್ಟಲೆ ಶುಶ್ರೂಷೆ ಬೇಡುವ ಎರಡು ಪ್ರಾಣಿಗಳು. ಉಣಿಸಿ ಕಾಯುವವರು ಅದೇ ಅವಧಿಯಲ್ಲಿ ಬಹುಶಃ ಅಲ್ಲಿಗೇ ತಲುಪಿರುತ್ತಾರೆ. ಬ್ಲೇಡಿಗೆ ನಿಜವಾದ ಅಗತ್ಯವಿರುವುದು ಹೆಚ್ಚಿನ ಸಂಖ್ಯೆಯಲ್ಲಿ ಬೆಳೆಸುವ ಸಾಕಣೆ ಕೇಂದ್ರಗಳಿಗೆ, ಮತ್ತು ವರ್ಷಗಳಿಂದ ಸೀಳದೆ ತೊಟ್ಟಿಯನ್ನೇ ಆಕ್ರಮಿಸಿಕೊಂಡ ಒಂಟಿ ದೈತ್ಯನನ್ನು ಇಟ್ಟುಕೊಂಡವರಿಗೆ.

ಮಿನಿ ಕಾರ್ಪೆಟ್ ಮತ್ತು ರಾಕ್ ಫ್ಲವರ್

ಕ್ಲೌನ್ ಮೀನಿನ ಹಂಬಲವಿಲ್ಲದವರಿಗೆ ನನ್ನ ಒಲವು ಈ ಎರಡರ ಕಡೆಗೆ. ಮಿನಿ ಕಾರ್ಪೆಟ್, ಅಂದರೆ ಸ್ಟಿಕೊಡ್ಯಾಕ್ಟೈಲಾ ಟ್ಯಾಪೆಟಮ್, ಅಂಗೈಯಗಲಕ್ಕಿಂತ ಹೆಚ್ಚು ಬೆಳೆಯುವುದಿಲ್ಲ, ಬಬಲ್ ಟಿಪ್‌ನಷ್ಟು ಅಲೆಯುವುದೂ ಇಲ್ಲ. ತಾನಾಗಿಯೂ ಸೀಳುತ್ತದೆ, ಬ್ಲೇಡನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಕತ್ತರಿಸಿ ಕಲಿಯಲೇಬೇಕೆಂಬ ಹಟ ಇರುವವರು ಕಲಿಯಬೇಕಾದದ್ದು ಇದರ ಮೇಲೆ. ಸಣ್ಣ ಸೆಕ್ಸಿ ಶ್ರಿಂಪ್ ಸೀಗಡಿಗಳು, ಪೋರ್ಸಲೀನ್ ಏಡಿಗಳು ಇದರ ಮೇಲೆ ವಾಸಿಸುವುದನ್ನು ನೋಡಬಹುದು. ಅಂಟು ಮಾತ್ರ ವಿಪರೀತ, ನೆಲದ ಹತ್ತಿರ ಮಲಗುವ ಸಣ್ಣ ಮೀನುಗಳಿದ್ದರೆ ಒಂದೊಂದಾಗಿ ಕಾಣೆಯಾಗುತ್ತವೆ.

ರಾಕ್ ಫ್ಲವರ್ ದಾರಿ ಬೇರೆಯೇ. ಫ್ಲಾರಿಡಾ ಮತ್ತು ಕೆರಿಬಿಯನ್ ಕಡಲಿನ ಈ ಅನಿಮೋನ್ ಸೀಳುವುದಿಲ್ಲ, ಕತ್ತರಿಸಲೂಬಾರದು. ಇದರಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಗಂಡು ನೀರಿಗೆ ವೀರ್ಯ ಬಿಡುತ್ತದೆ, ಹೆಣ್ಣಿನ ಒಡಲಲ್ಲೇ ಮರಿ ಬೆಳೆದು ಬಾಯಿಯಿಂದ ಹೊರಬರುತ್ತದೆ. ಹೊರಗಿನಿಂದ ಲಿಂಗ ತಿಳಿಯುವ ಉಪಾಯವಿಲ್ಲದ್ದರಿಂದ ಐದಾರನ್ನು ಒಂದೇ ಕಡೆ ಹತ್ತಿರ ಹತ್ತಿರ ಕೂರಿಸಿ ಚೆನ್ನಾಗಿ ಉಣಿಸುವುದೇ ವಿಧಾನ. ಒಂದು ದಿನ ಕಲ್ಲಿನ ಸಂದಿಯಲ್ಲಿ, ಗಾಜಿನ ಮೇಲೆ, ಪಂಪಿನ ಹಿಂದೆ ಸಾಸಿವೆ ಗಾತ್ರದ ಮರಿಗಳು ಕಾಣಿಸುತ್ತವೆ.

ಇಲ್ಲಿ ಸಿಗುವ ಸುಖ ಬಬಲ್ ಟಿಪ್‌ನಲ್ಲಿಲ್ಲ. ಸೀಳಿ ಹುಟ್ಟಿದ್ದೆಲ್ಲ ತಾಯಿಯ ಪಡಿಯಚ್ಚು, ಹಸಿರಿನಿಂದ ಹಸಿರೇ ಬರುತ್ತದೆ. ಲಿಂಗವೂ ಅದೇ ಆಗಿರುವುದರಿಂದ ಒಂದೇ ತಾಯಿಯಿಂದ ಬಂದ ಐವತ್ತು ಬಬಲ್ ಟಿಪ್‌ಗಳಿದ್ದರೂ ಅವುಗಳ ನಡುವೆ ಸಂತಾನ ಸಾಧ್ಯವಿಲ್ಲ. ಬೇರೆ ಬೇರೆ ಕುಲಗಳನ್ನು ತಂದಿಟ್ಟರೂ ಅವು ಮೊಟ್ಟೆ ಮತ್ತು ವೀರ್ಯವನ್ನು ನೀರಿಗೆ ಚೆಲ್ಲುವ ಜಾತಿ, ಆ ಲಾರ್ವಾಗಳು ಮನೆಯ ಫಿಲ್ಟರ್ ದಾಟಿ ಉಳಿಯುವುದಿಲ್ಲ. ರಾಕ್ ಫ್ಲವರ್‌ನಲ್ಲಿ ಕೆಂಪು ಕಿತ್ತಳೆಗಳ ನಡುವೆ ಯಾರೂ ನಿರೀಕ್ಷಿಸದ ಬಣ್ಣದ ಮರಿ ಹುಟ್ಟುತ್ತದೆ. ಒಡಲಲ್ಲೇ ಮರಿ ಮಾಡುವ ಅನಿಮೋನ್‌ಗಳು ಎಷ್ಟು ದೀರ್ಘಕಾಲ ಹೆರಬಲ್ಲವು ಎಂಬುದಕ್ಕೆ ಸ್ಕಾಟ್ಲೆಂಡಿನ ಒಂದು ಅನಿಮೋನ್ ಪ್ರಸಿದ್ಧ. ತಣ್ಣೀರಿನ ಬೇರೆ ಜಾತಿ ಅದು. ಪ್ರಕೃತಿ ವಿಜ್ಞಾನಿ ಜಾನ್ ಡಾಲಿಯೆಲ್ 1828ರಲ್ಲಿ ತೀರದಿಂದ ತಂದು ಗಾಜಿನ ಜಾಡಿಯಲ್ಲಿ ಸಾಕಿದರು, ಅವರು ತೀರಿಕೊಂಡ ಮೇಲೆ ಕೈಯಿಂದ ಕೈಗೆ ಹೋಗುತ್ತ 1887ರವರೆಗೆ ಬದುಕಿ ನೂರಾರು ಮರಿ ಹಾಕಿತು. ಅದನ್ನು ಜನ ಅಜ್ಜಿ ಎಂದೇ ಕರೆಯುತ್ತಿದ್ದರು.

ರಾಕ್ ಫ್ಲವರ್‌ನ ಕೊರತೆ ಎರಡು. ಮರಿಗಳು ಬಲು ನಿಧಾನ ಬೆಳೆಯುತ್ತವೆ, ಏಡಿ ಸೀಗಡಿಗಳಿಗೆ ಎಷ್ಟೋ ಬಲಿಯಾಗುತ್ತವೆ. ಕೆರಿಬಿಯನ್‌ನಿಂದ ಇಲ್ಲಿಗೆ ದಾರಿಯೂ ಉದ್ದ, ಐದಾರನ್ನು ಒಟ್ಟಿಗೆ ಕೊಳ್ಳುವಾಗ ಜೇಬಿಗೆ ಅದು ಅರಿವಾಗುತ್ತದೆ.

ಹೆಚ್ಚಿಸಬಾರದ ಒಂದು ಅನಿಮೋನ್ ಕೂಡ ಪ್ರತಿ ರೀಫ್ ತೊಟ್ಟಿಗೂ ಕಲ್ಲಿನ ಜೊತೆ ಬಂದೇ ಬರುತ್ತದೆ. ಐಪ್ಟೇಷಿಯಾ, ಕಂದು ಬಣ್ಣದ ಪುಟ್ಟ ತಾಳೆಮರದಂಥ ಕಳೆ. ನಡೆಯುವಾಗ ಪಾದದಿಂದ ಚೂರು ಬಿಡುತ್ತ ಹೋಗಿ ಪ್ರತಿ ಚೂರಿನಿಂದ ಮರಿಯಾಗುತ್ತದೆ. ಇದನ್ನು ಕತ್ತರಿಸಿ ತೆಗೆಯಲು ಹೋದರೆ ತುಂಡು ಬಿದ್ದಲ್ಲೆಲ್ಲ ಹೊಸದು ಏಳುತ್ತದೆ. ಬರ್ಘಿಯಾ ಎಂಬ ಕಡಲ ಗೊಂಡೆಹುಳಕ್ಕೆ ಇದನ್ನು ಬಿಟ್ಟರೆ ಬೇರೆ ಊಟವಿಲ್ಲ, ಸಿಕ್ಕರೆ ಅದನ್ನೇ ತೊಟ್ಟಿಗೆ ತಂದು ಬಿಡಿ.

ಹೆಚ್ಚಾದವು ಎಲ್ಲಿಗೆ?

ಇದನ್ನು ಮೊದಲೇ ಯೋಚಿಸಿದವರು ಕಡಿಮೆ. ಸೀಳುವ ಕುಲದ ಬಬಲ್ ಟಿಪ್ ಒಮ್ಮೆ ಲಯ ಹಿಡಿದರೆ ನಿಲ್ಲುವುದಿಲ್ಲ, ಎರಡು ಮೂರು ವರ್ಷದಲ್ಲಿ ಹವಳಗಳಿಗೆ ಜಾಗವೇ ಉಳಿಯದು. ಒಂದೇ ಕುಲದವು ಒಂದನ್ನೊಂದು ತಾಗಿಕೊಂಡು ಸುಮ್ಮನಿರುತ್ತವೆ. ಬೇರೆ ಜಾತಿಗಳನ್ನು ಒಂದೇ ತೊಟ್ಟಿಯಲ್ಲಿ ಹೆಚ್ಚಿಸಲು ಹೋಗಬೇಡಿ, ಕುಟುಕುವುದಲ್ಲದೆ ನೀರಿನ ಮೂಲಕವೂ ಜಗಳ ನಡೆಯುತ್ತದೆ. ಹಂಚಿಕೊಳ್ಳಲು ನಾಲ್ಕು ಪರಿಚಿತ ಸಾಕಣೆದಾರರೋ, ಬದಲಿಗೆ ಉಪ್ಪು ಅಥವಾ ಆಹಾರ ಕೊಡುವ ಅಂಗಡಿಯೋ ಇಲ್ಲದಿದ್ದರೆ ಮಿನಿ ಕಾರ್ಪೆಟ್ಟೇ ನಿಮಗೆ ತಕ್ಕದ್ದು. ಕಡಲಿಗೆ ಬಿಡುವ ಯೋಚನೆ ಮಾತ್ರ ಬೇಡ, ಅದು ಯಾವ ತೊಟ್ಟಿಯ ಯಾವ ರೋಗವನ್ನು ಹೊತ್ತಿದೆಯೋ ಯಾರಿಗೆ ಗೊತ್ತು. ನೇತ್ರಾಣಿಯಂಥ ಕಡೆಯ ಬಂಡೆಗಳಿಂದ ಕಿತ್ತು ತರುವುದೂ ಅಷ್ಟೇ ಕೆಟ್ಟದ್ದು.

ಕೊಡುವ ಹೊತ್ತಿಗೆ ಅನಿಮೋನ್ ಕಲ್ಲಿಗೆ ಅಂಟಿರುತ್ತದೆ. ಹವಳದ ಕಲ್ಲಿನ ಸಮೇತ ಕೊಡುವುದು ಸುಲಭವೆಂದು ಕಂಡರೂ ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಪರಿಚ್ಛೇದದಲ್ಲಿವೆ, ಅಂಥ ಕಲ್ಲನ್ನು ಕೊಡುವುದೂ ಬೇಡ, ಕೊಳ್ಳುವುದೂ ಬೇಡ. ಸೀಳಿದ ಅರ್ಧ ಅಲೆಯತೊಡಗಿದಾಗಲೇ ಅದರ ದಾರಿಯಲ್ಲಿ ಖಾಲಿ ಚಿಪ್ಪನ್ನೋ ಸಿರಾಮಿಕ್ ತುಂಡನ್ನೋ ಇಟ್ಟರೆ ಬಹಳ ಸಲ ಅದರ ಮೇಲೆಯೇ ಕೂರುತ್ತದೆ, ಆಮೇಲೆ ಬಿಡಿಸುವ ತಂಟೆಯಿಲ್ಲ. ಸೀಳಿ ಕನಿಷ್ಠ ಒಂದು ತಿಂಗಳಾಗಿ, ತಾನಾಗಿ ಎರಡು ಮೂರು ಸಲ ಉಂಡ ಮೇಲೆಯೇ ಕೈಬಿಡಿ. ಸಾಗಿಸುವ ಮುನ್ನ ಎರಡು ದಿನ ಉಪವಾಸ ಇರಿಸಿ, ಇಲ್ಲದಿದ್ದರೆ ಚೀಲದಲ್ಲೇ ಕಕ್ಕಿ ಆ ಹೊಲಸಿನಲ್ಲೇ ಸಾಯುತ್ತದೆ. ಒಂದು ಚೀಲಕ್ಕೆ ಒಂದೇ ಅನಿಮೋನ್, ಮುಳುಗುವಷ್ಟು ನೀರು, ಉಳಿದ ಜಾಗಕ್ಕೆಲ್ಲ ಆಮ್ಲಜನಕ, ಹೊರಗೆ ಥರ್ಮಾಕೋಲ್ ಪೆಟ್ಟಿಗೆ. ಪಡೆಯುವವರ ತೊಟ್ಟಿಯ ಪಂಪ್‌ಗೆ ಜಾಲರಿ ಇದೆಯೇ ಎಂದು ಕೇಳಿಯೇ ಪೆಟ್ಟಿಗೆ ಮುಚ್ಚಿ.